ರಿಜಿಸ್ಟರಿನ ಎಡ ಅರ್ಧವನ್ನು ಮರೆಯಬಾರದು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ವಿಜ್ಞಾನ ಪುರವಣಿಯಲ್ಲಿ ಕಳೆದ ವಾರ ಮೇನ್‌ಫ್ರೇಮ್ ಗಣಕಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಬ್ಯಾಂಕು, ವಿಮೆ, ವಿಮಾನಯಾನಗಳ ಲೆಕ್ಕವನ್ನು ಹೊತ್ತು ನಡೆಯುವ ಈ ಯಂತ್ರಗಳ ಒಳಗನ್ನು ಕನ್ನಡದಲ್ಲಿ ವಿವರಿಸಲು ಮುಂದಾಗುವವರು ಕಡಿಮೆ. ಯಂತ್ರದ ಒಂದೊಂದು ಸೂಚನೆಯನ್ನೂ ನೇರವಾಗಿ ಬರೆಯುವ ಅಸೆಂಬ್ಲಿ ಭಾಷೆಯ ಮಟ್ಟಕ್ಕೆ ಇಳಿಯುವವರಂತೂ ಇನ್ನೂ ಕಡಿಮೆ. ಆ ಲೇಖನ ಅಲ್ಲಿಯವರೆಗೂ ಇಳಿದದ್ದು ಮೆಚ್ಚತಕ್ಕ ಕೆಲಸ. ಆದರೆ 2000ದಲ್ಲಿ ರಿಜಿಸ್ಟರುಗಳು, ಅಂದರೆ ಸಂಸ್ಕಾರಕವು ಲೆಕ್ಕಕ್ಕಾಗಿ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಪುಟ್ಟ ಗೂಡುಗಳು, 32 ಬಿಟ್‌ನಿಂದ 64 ಬಿಟ್‌ಗೆ ಹಿಗ್ಗಿದಾಗ ರಿಜಿಸ್ಟರಿಗೆ ಸಂಖ್ಯೆಯನ್ನು ತರುವ ಹಳೆಯ ಲೋಡ್ ಸೂಚನೆಗಳೂ ಕೂಡುವ ಕಳೆಯುವ ಸೂಚನೆಗಳೂ ತಾವಾಗಿಯೇ 64 ಬಿಟ್ ಸೂಚನೆಗಳಾದವು ಎಂಬ ಅರ್ಥದ ಮಾತು ಅದರಲ್ಲಿ ಬಂದಿದೆ. ಇದು ತಪ್ಪು. ಬಿಡಿ ತಪ್ಪಾಗಿದ್ದರೆ ನಾನು ಇಷ್ಟು ದೀರ್ಘವಾಗಿ ಬರೆಯುತ್ತಿರಲಿಲ್ಲ. ಇದನ್ನು ನಂಬಿ ಕೆಲಸಕ್ಕೆ ಕೂತ ಹುಡುಗನೊಬ್ಬ ಬರೆಯುವ ಪ್ರೋಗ್ರಾಂ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ತಿಂಗಳುಗಳ ನಂತರ, ಬೇರೆ ಯಾರದೋ ಪ್ರೋಗ್ರಾಂ ಅನ್ನು ಕೆಡವಬಹುದು. ಹಾಗೆ ಕೆಡವಿದವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪತ್ರ.

ಐಬಿಎಂ ಕಂಪನಿ 1964ರ ಏಪ್ರಿಲ್ 7ರಂದು ಸಿಸ್ಟಮ್/360 ಅನ್ನು ಘೋಷಿಸಿತು. ಜೀನ್ ಆಮ್‌ಡಾಲ್, ಗೆರಿಟ್ ಬ್ಲಾವ್, ಫ್ರೆಡ್ ಬ್ರೂಕ್ಸ್ ಮೊದಲಾದವರು ರೂಪಿಸಿದ ಆ ವಿನ್ಯಾಸದಲ್ಲಿ 0ಯಿಂದ 15ರವರೆಗೆ 16 ಸಾಮಾನ್ಯ ರಿಜಿಸ್ಟರುಗಳಿದ್ದವು. ಒಂದೊಂದರ ಅಗಲ 32 ಬಿಟ್. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರ ದಶಕದಲ್ಲಿ ಕೆಲಸ ಮಾಡಿದ 360ರ 44ನೆಯ ಮಾದರಿಯ ಯಂತ್ರವೂ ಇದೇ ಕುಲದ್ದು. ಮೆಮೊರಿಯ ವಿಳಾಸಕ್ಕೆ ಮೊದಲು 24 ಬಿಟ್‌ಗಳಷ್ಟೇ ಬಳಕೆಯಲ್ಲಿದ್ದವು, ಅಂದರೆ 16 ಮೆಗಾಬೈಟ್. 1980ರ ದಶಕದಲ್ಲಿ ಅದು 31 ಬಿಟ್ ಆಗಿ 2 ಗಿಗಾಬೈಟ್‌ಗೆ ಏರಿತು. 2000ದಲ್ಲಿ ಜೆಡ್ ಆರ್ಕಿಟೆಕ್ಚರ್ ಮತ್ತು ಜೆಡ್900 ಯಂತ್ರದೊಡನೆ ವಿಳಾಸವೂ ರಿಜಿಸ್ಟರೂ 64 ಬಿಟ್ ಆದವು. ರಿಜಿಸ್ಟರುಗಳ ಸಂಖ್ಯೆ ಮಾತ್ರ 16ಕ್ಕೇ ನಿಂತಿತು.

ಹಿಗ್ಗಿದ ರೀತಿಯನ್ನು ಗಮನಿಸಬೇಕು. ಈ ಯಂತ್ರಗಳಲ್ಲಿ ಬಿಟ್‌ಗಳನ್ನು ಎಡದಿಂದ ಬಲಕ್ಕೆ ಎಣಿಸುತ್ತಾರೆ; ಅತ್ಯಂತ ಹೆಚ್ಚಿನ ಸ್ಥಾನಬೆಲೆಯ ಬಿಟ್‌ಗೆ 0 ಎಂಬ ಸಂಖ್ಯೆ. ಹಳೆಯ 32 ಬಿಟ್‌ಗಳ ರಿಜಿಸ್ಟರು ಹೊಸದರ ಬಲ ಅರ್ಧವಾಗಿ, 32ರಿಂದ 63ರವರೆಗಿನ ಬಿಟ್‌ಗಳಾಗಿ ಉಳಿಯಿತು. 0ಯಿಂದ 31ರವರೆಗಿನ ಎಡ ಅರ್ಧ ಹೊಸದಾಗಿ ಸೇರಿತು. ಅಜ್ಜನ ಕಾಲದ ಮನೆಗೆ ಎಡಪಕ್ಕದಲ್ಲಿ ಅಷ್ಟೇ ಅಳತೆಯ ಇನ್ನೊಂದು ಅಂಕಣ ಕಟ್ಟಿದಂತೆ. ಹಳೆಯ ಸೂಚನೆಗಳು ಹಳೆಯ ಅಂಕಣದಲ್ಲಿಯೇ ವಾಸವಾಗಿವೆ. ಹೊಸ ಅಂಕಣದ ಕಸವನ್ನು ಅವು ಗುಡಿಸುವುದಿಲ್ಲ, ಅಲ್ಲಿನ ಸಾಮಾನನ್ನು ಮುಟ್ಟುವುದೂ ಇಲ್ಲ.

ಹೀಗಾಗಿ ಮೆಮೊರಿಯಿಂದ ನಾಲ್ಕು ಬೈಟ್‌ಗಳನ್ನು ತರುವ ‘ಎಲ್’ ಎಂಬ ಸೂಚನೆ ಇಂದಿಗೂ ಬಲ ಅರ್ಧವನ್ನಷ್ಟೇ ತುಂಬುತ್ತದೆ. ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ನಕಲು ಮಾಡುವ ‘ಎಲ್‌ಆರ್’ ಕೂಡ ಹಾಗೆಯೇ. ಕೂಡುವ ‘ಎ’, ‘ಎಆರ್’, ಕಳೆಯುವ ‘ಎಸ್’, ‘ಎಸ್‌ಆರ್’ ಇವೆಲ್ಲವೂ ಬಲ ಅರ್ಧದಲ್ಲಿ ಲೆಕ್ಕ ಮಾಡಿ, ಉತ್ತರವನ್ನು ಬಲ ಅರ್ಧದಲ್ಲಿ ಇಟ್ಟು, ಎಡ ಅರ್ಧವನ್ನು ಇದ್ದಂತೆಯೇ ಬಿಡುತ್ತವೆ. ಬಲ ಅರ್ಧ ಉಕ್ಕಿದಾಗ ಹೊರಬರುವ ದಶಕವು (ಕ್ಯಾರಿ) ಎಡಕ್ಕೆ ಸಾಗುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ದಶಕವನ್ನು ಎಡದ ಸ್ಥಾನಕ್ಕೆ ಕೂಡಿಸುವುದನ್ನು ಕಲಿತ ನಮಗೆ, ಪಕ್ಕದಲ್ಲೇ 32 ಸ್ಥಾನಗಳು ಖಾಲಿ ಇದ್ದರೂ ದಶಕ ಅಲ್ಲಿಗೆ ಹೋಗುವುದಿಲ್ಲ ಎಂಬುದು ಸಹಜವಾಗಿ ತೋರುವುದಿಲ್ಲ. ಆದ್ದರಿಂದಲೇ ಇದನ್ನು ಬಾಯಿಬಿಟ್ಟು ಹೇಳಿಕೊಡಬೇಕು.

ಒಂದು ಉದಾಹರಣೆ ನೋಡೋಣ. ಹಣವನ್ನು ಪೈಸೆಗಳಲ್ಲಿ ಎಣಿಸುತ್ತಿದ್ದೇವೆ ಎಂದುಕೊಳ್ಳಿ. ಚಿಹ್ನೆಸಹಿತವಾದ 32 ಬಿಟ್‌ಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ರೂಪಾಯಿಗೆ ತಿರುಗಿಸಿದರೆ 2 ಕೋಟಿ 14 ಲಕ್ಷ 74 ಸಾವಿರದ 836 ರೂಪಾಯಿ 47 ಪೈಸೆ. ಇದರ ಮೇಲೆ ‘ಎಆರ್’ ಬಳಸಿ ಒಂದೇ ಒಂದು ಪೈಸೆ ಕೂಡಿಸಿದರೂ ಬಲ ಅರ್ಧದ ಮೊದಲ ಬಿಟ್, ಅಂದರೆ 32ನೆಯ ಬಿಟ್, 1 ಆಗುತ್ತದೆ. ಹಳೆಯ ಸೂಚನೆಗಳ ಕಣ್ಣಿಗೆ ಅದು ಋಣ ಚಿಹ್ನೆ. ಲೆಕ್ಕದ ಫಲ ಎಂಥದ್ದೆಂದು ತಿಳಿಸುವ ಕಂಡಿಷನ್ ಕೋಡ್ 3 ಎಂದು ಯಂತ್ರ ಎಚ್ಚರಿಸುತ್ತದೆ. ಯಾವ ದೋಷಕ್ಕೆ ನಿಲ್ಲಬೇಕೆಂದು ತಿಳಿಸುವ ಪ್ರೋಗ್ರಾಂ ಮಾಸ್ಕ್‌ನಲ್ಲಿ ಅದಕ್ಕೆಂದೇ ಇರುವ ಬಿಟ್ ಅನ್ನು ಎಬ್ಬಿಸಿಟ್ಟಿದ್ದರೆ 0ಸಿ8 ಎಂಬ ಸಂಕೇತದೊಂದಿಗೆ ಪ್ರೋಗ್ರಾಂ ನಿಂತೇ ಬಿಡುತ್ತದೆ. ಇದೇ ಮೊತ್ತಕ್ಕೆ 64 ಬಿಟ್‌ಗಳ ‘ಎಜಿಆರ್’ ಬಳಸಿದರೆ ತೊಂದರೆಯಿಲ್ಲ. ಅಲ್ಲಿ ಹಿಡಿಯುವ ಅತಿ ದೊಡ್ಡ ಮೊತ್ತ ಸುಮಾರು 922 ಕೋಟಿ ಕೋಟಿ ರೂಪಾಯಿ. ಯಾವ ದೇಶದ ಖಜಾನೆಗೂ ಸಾಕು. ಬ್ಯಾಂಕುಗಳ ಮೇನ್‌ಫ್ರೇಮ್‌ಗಳು ಹಣವನ್ನು ಬಹುತೇಕ ಪ್ಯಾಕ್ಡ್ ಡೆಸಿಮಲ್ ರೂಪದಲ್ಲಿ, ದಶಮಾನ ಅಂಕಿಗಳಾಗಿಯೇ ಇಡುತ್ತವೆ ಎಂಬುದು ನಿಜ. ಆದರೆ ಅಲ್ಲಿಂದ ಅದನ್ನು ರಿಜಿಸ್ಟರಿಗೆ ತರುವ ‘ಸಿವಿಬಿ’ ಸೂಚನೆಯೂ 32 ಬಿಟ್‌ಗಳಿಗೆ ಹಿಡಿಸದ ಸಂಖ್ಯೆ ಸಿಕ್ಕಾಗ ಪ್ರೋಗ್ರಾಂ ಅನ್ನು ನಿಲ್ಲಿಸುತ್ತದೆ; 64 ಬಿಟ್‌ಗಾಗಿ ‘ಸಿವಿಬಿಜಿ’ ಎಂಬ ಬೇರೆಯದೇ ಸೂಚನೆ ಇದೆ.

ಈ ‘ಜಿ’ ಅಕ್ಷರವೇ ಹೊಸ ಸೂಚನೆಗಳ ಗುರುತು. ಎಂಟು ಬೈಟ್ ತರಲು ‘ಎಲ್‌ಜಿ’, ಪೂರ್ತಿ ರಿಜಿಸ್ಟರು ನಕಲು ಮಾಡಲು ‘ಎಲ್‌ಜಿಆರ್’, ಕೂಡಲು ‘ಎಜಿ’, ಕಳೆಯಲು ‘ಎಸ್‌ಜಿ’. ಇಷ್ಟೇ ಆಗಿದ್ದರೆ ಹಳೆಯ ಹೆಸರಿಗೆ ಒಂದು ಜಿ ಸೇರಿಸಿಕೊಳ್ಳಿ ಎಂದು ಹೇಳಿ ಪಾಠ ಮುಗಿಸಬಹುದಿತ್ತು. ತೊಡಕು ಇರುವುದು ನಾಲ್ಕು ಬೈಟ್‌ಗಳ ಹಳೆಯ ಮೌಲ್ಯವನ್ನು ಎಂಟು ಬೈಟ್‌ಗಳ ಹೊಸ ರಿಜಿಸ್ಟರಿಗೆ ತರುವಾಗ. ನಲವತ್ತು ಐವತ್ತು ವರ್ಷಗಳ ಕಡತಗಳಲ್ಲಿ ಇರುವುದೆಲ್ಲ ನಾಲ್ಕು ಬೈಟ್‌ಗಳ ಸಂಖ್ಯೆಗಳೇ ಅಲ್ಲವೇ? ಅವನ್ನು ತಂದಾಗ ಎಡ ಅರ್ಧದಲ್ಲಿ ಏನಿರಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ತಮ್ಮ ಲೇಖನವು ‘ಲೋಡ್’ ಎಂಬುದನ್ನು ಎಲ್ಲ ಕಡೆಯೂ ‘ತುಂಬು’ ಎಂದೇ ಕನ್ನಡಿಸಿದೆ; ನನ್ನ ಅಭಿಪ್ರಾಯದಲ್ಲಿ ತಪ್ಪಿನ ಮೂಲ ಅಲ್ಲಿಯೇ ಇದೆ. ಒಂದೇ ಕ್ರಿಯಾಪದದ ಅಡಿಯಲ್ಲಿ ಕನಿಷ್ಠ ಮೂರು ಬೇರೆ ಕೆಲಸಗಳು ಅಡಗಿಕೊಂಡಿವೆ.

‘ಎಲ್’ ಮಾಡುವುದನ್ನು ನಾನು ಕಲಿಸುವಾಗ ‘ಬಲಕ್ಕಷ್ಟೇ ತುಂಬು’ ಎನ್ನುತ್ತಿದ್ದೆ. ‘ಎಲ್‌ಜಿಎಫ್’ ಮಾಡುವುದು ‘ಚಿಹ್ನೆ ಹಿಗ್ಗಿಸಿ ತುಂಬು’: ನಾಲ್ಕು ಬೈಟ್‌ಗಳನ್ನು ಬಲಕ್ಕೆ ತಂದು, ಅವುಗಳ ಮೊದಲ ಬಿಟ್ ಏನಿದೆಯೋ ಅದನ್ನೇ ಎಡದ 32 ಸ್ಥಾನಗಳಿಗೂ ಹರಡುತ್ತದೆ, ಹೀಗಾಗಿ ಋಣ 1 ಎಂಬುದು 64 ಬಿಟ್‌ಗಳಲ್ಲಿಯೂ ಋಣ 1 ಆಗಿಯೇ ಉಳಿಯುತ್ತದೆ. ‘ಎಲ್‌ಎಲ್‌ಜಿಎಫ್’ ಮಾಡುವುದು ‘ಸೊನ್ನೆ ಹಾಕಿ ತುಂಬು’: ಮೊದಲ ಬಿಟ್ ಏನೇ ಇರಲಿ, ಎಡಭಾಗ ಪೂರ್ತಿ ಸೊನ್ನೆ. ಮೆಮೊರಿಯಲ್ಲಿ ನಾಲ್ಕು ಬೈಟ್‌ಗಳೂ 1ರ ಬಿಟ್‌ಗಳಿಂದಲೇ ತುಂಬಿದ್ದರೆ, ‘ಎಲ್‌ಜಿಎಫ್’ ನಮಗೆ ಋಣ 1 ಕೊಡುತ್ತದೆ; ‘ಎಲ್‌ಎಲ್‌ಜಿಎಫ್’ 4,29,49,67,295 ಕೊಡುತ್ತದೆ; ‘ಎಲ್’ ಏನು ಕೊಡುತ್ತದೆ ಎಂಬುದು ಎಡ ಅರ್ಧದಲ್ಲಿ ಅದಕ್ಕೂ ಮೊದಲು ಏನಿತ್ತು ಎಂಬುದರ ಮೇಲೆ ನಿಂತಿದೆ. ಒಂದೇ ನಾಲ್ಕು ಬೈಟ್‌ಗಳಿಗೆ ಮೂರು ಉತ್ತರ. ಮೂರನೆಯದು ಪ್ರತಿದಿನವೂ ಬೇರೆಯಾಗಬಹುದು. ಇವುಗಳಲ್ಲಿ ಯಾವುದು ಸರಿ ಎಂಬುದು ಯಂತ್ರಕ್ಕೆ ತಿಳಿಯದು. ಅದು ಬಾಕಿಯ ಮೊತ್ತವೋ, ಎಣಿಕೆಯೋ, ವಿಳಾಸವೋ ಎಂಬುದು ಬರೆಯುವವನಿಗೆ ಮಾತ್ರ ತಿಳಿದಿರುತ್ತದೆ.

ವಿಳಾಸದ ಪ್ರಸಂಗ ಇನ್ನೂ ಸೂಕ್ಷ್ಮವಾದದ್ದು. ಅದಕ್ಕೆಂದೇ ನಾಲ್ಕನೆಯ ಲೋಡ್ ಒಂದನ್ನು ಸೃಷ್ಟಿಸಿದ್ದಾರೆ. 31 ಬಿಟ್ ಕಾಲದಲ್ಲಿ ನಾಲ್ಕು ಬೈಟ್‌ಗಳ ವಿಳಾಸದಲ್ಲಿ ಮೊದಲ ಬಿಟ್ ಮಿಕ್ಕುತ್ತಿತ್ತು. ಒಂದು ಪ್ರೋಗ್ರಾಂ ಇನ್ನೊಂದನ್ನು ಕರೆಯುವಾಗ ಕೊಡುವ ವಿಳಾಸಗಳ ಪಟ್ಟಿಯಲ್ಲಿ, ಕೊನೆಯ ವಿಳಾಸ ಇದೇ ಎಂದು ತಿಳಿಸಲು ಆ ಮಿಕ್ಕ ಬಿಟ್ ಅನ್ನು 1 ಮಾಡುವ, 24 ಬಿಟ್ ಕಾಲದಿಂದಲೇ ಬಂದ ರೂಢಿ ಮುಂದುವರಿಯಿತು, ಇಂದಿಗೂ ಇದೆ. 31 ಬಿಟ್ ಸ್ಥಿತಿಯಲ್ಲಿ ಯಂತ್ರ ಆ ಬಿಟ್ ಅನ್ನು ವಿಳಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. 64 ಬಿಟ್ ಸ್ಥಿತಿಗೆ ಹೋದೊಡನೆ ಅದೇ ಬಿಟ್‌ಗೆ 2 ಗಿಗಾಬೈಟ್‌ನ ಬೆಲೆ ಬಂದುಬಿಡುತ್ತದೆ. ಅಂಥ ವಿಳಾಸವನ್ನು ‘ಎಲ್‌ಜಿಎಫ್’ನಿಂದ ತಂದರೆ ಎಡಭಾಗವೆಲ್ಲ 1 ಆಗಿ ವಿಳಾಸ ಎಲ್ಲಿಗೋ ಹಾರುತ್ತದೆ, ‘ಎಲ್‌ಎಲ್‌ಜಿಎಫ್’ನಿಂದ ತಂದರೆ 2 ಗಿಗಾಬೈಟ್‌ನ ಆಚೆಗೆ ಬೀಳುತ್ತದೆ. ‘ಎಲ್‌ಎಲ್‌ಜಿಟಿ’ ಮಾತ್ರ ಆ ಒಂದು ಬಿಟ್ ಅನ್ನೂ ಸೇರಿಸಿ ಎಡದ 33 ಸ್ಥಾನಗಳನ್ನು ಸೊನ್ನೆ ಮಾಡಿ, 31 ಬಿಟ್‌ಗಳ ಶುದ್ಧ ವಿಳಾಸವನ್ನು ಉಳಿಸುತ್ತದೆ. ಹೆಸರಿನ ಕೊನೆಯ ‘ಟಿ’ ಮೂವತ್ತೊಂದು ಎಂಬುದರ ಇಂಗ್ಲಿಷ್ ಮೊದಲಕ್ಷರ. ಈ ಯಂತ್ರಗಳನ್ನು ನಡೆಸುವ ತಂತ್ರಾಂಶವಾದ ಜೆಡ್/ಓಎಸ್‌ನಲ್ಲಿ 2 ಗಿಗಾಬೈಟ್‌ನಿಂದ 4 ಗಿಗಾಬೈಟ್‌ವರೆಗಿನ ವಿಳಾಸಗಳ ವಲಯವನ್ನು ‘ಬಾರ್’ ಎಂದು ಕರೆದು ಪ್ರೋಗ್ರಾಂಗಳಿಗೆ ಬಿಟ್ಟುಕೊಡದೆ ಇಟ್ಟಿದ್ದಾರೆ. ಇಂಥ ಒಂದು ಬಿಟ್‌ನ ಅಜಾಗರೂಕತೆ ಇನ್ನೊಬ್ಬರ ದತ್ತಾಂಶವನ್ನು ಕೆಡಿಸುವ ಮೊದಲೇ ಆ ವಲಯಕ್ಕೆ ಬಡಿದು ನಿಲ್ಲುತ್ತದೆ. ವಿನ್ಯಾಸಕಾರರ ಮೇಲೆ ನನಗೆ ಗೌರವ ಮೂಡಿಸಿದ ಸಂಗತಿಗಳಲ್ಲಿ ಇದು ಒಂದು.

ಇಷ್ಟೆಲ್ಲ ತೊಡಕು ಏಕೆ, ಹಳೆಯ ಸೂಚನೆಗಳೇ ಎಡ ಅರ್ಧವನ್ನೂ ಸೊನ್ನೆ ಮಾಡಿದ್ದರೆ ಆಗುತ್ತಿರಲಿಲ್ಲವೇ ಎಂದು ಓದುಗರು ಕೇಳಬಹುದು. ಎಎಂಡಿ ಕಂಪನಿ ನಮ್ಮ ಮೇಜಿನ ಮೇಲಿನ ಗಣಕಗಳ ಸಂಸ್ಕಾರಕವನ್ನು 64 ಬಿಟ್‌ಗೆ ಹಿಗ್ಗಿಸಿದಾಗ ಹಾಗೆಯೇ ಮಾಡಿತು. ಅಲ್ಲಿ 64 ಬಿಟ್ ಸ್ಥಿತಿಯಲ್ಲಿ ರಿಜಿಸ್ಟರಿನ 32 ಬಿಟ್ ಭಾಗಕ್ಕೆ ಏನನ್ನಾದರೂ ಬರೆದರೆ ಉಳಿದ 32 ಬಿಟ್‌ಗಳು ಸೊನ್ನೆಯಾಗುತ್ತವೆ. ಬಹುಶಃ ತಮ್ಮ ಲೇಖಕರು ಆ ಅನುಭವವನ್ನೇ ಮೇನ್‌ಫ್ರೇಮ್‌ಗೂ ಅನ್ವಯಿಸಿರಬಹುದು. ಆದರೆ ಮೇನ್‌ಫ್ರೇಮ್‌ನ ಸ್ಥಿತಿ ಬೇರೆ. ಅಲ್ಲಿ ಒಂದೇ ಕೆಲಸದ ಒಳಗೆ 1970ರ ದಶಕದಲ್ಲಿ ಬರೆದು, ಮೂಲಪಾಠವೇ (ಸೋರ್ಸ್ ಕೋಡ್) ಕಳೆದುಹೋಗಿರುವ ಉಪಪ್ರೋಗ್ರಾಂ ಒಂದನ್ನು ನಿನ್ನೆ ಬರೆದ 64 ಬಿಟ್ ಪ್ರೋಗ್ರಾಂ ಕರೆಯಬೇಕಾಗುತ್ತದೆ. ಹಳೆಯ ಉಪಪ್ರೋಗ್ರಾಂ ಬಾಗಿಲಲ್ಲಿಯೇ ‘ಎಸ್‌ಟಿಎಂ’ ಎಂಬ ಸೂಚನೆಯಿಂದ ಕರೆದವರ ರಿಜಿಸ್ಟರುಗಳನ್ನು 72 ಬೈಟ್‌ಗಳ ಉಳಿಕೆ ಜಾಗದಲ್ಲಿ ಬರೆದಿಡುತ್ತದೆ. ಹೊರಡುವಾಗ ‘ಎಲ್‌ಎಂ’ನಿಂದ ಹಿಂದಕ್ಕೆ ತುಂಬುತ್ತದೆ. ಈ ಎರಡೂ ಸೂಚನೆಗಳಿಗೆ ಬಲ ಅರ್ಧ ಮಾತ್ರ ಕಾಣುತ್ತದೆ. ಕರೆದವರ ಎಡ ಅರ್ಧವನ್ನು ಅದು ಉಳಿಸುವುದೇ ಇಲ್ಲ. ಆದರೂ ಆ ಎಡ ಅರ್ಧ ಕೆಡುವುದಿಲ್ಲ, ಏಕೆಂದರೆ ಆ ಉಪಪ್ರೋಗ್ರಾಂನಲ್ಲಿರುವ ಯಾವ ಸೂಚನೆಯೂ ಎಡ ಅರ್ಧವನ್ನು ಮುಟ್ಟಲಾರದು. ‘ಎಲ್’ ಸೂಚನೆ ಎಡ ಅರ್ಧವನ್ನು ಸೊನ್ನೆ ಮಾಡುವಂತಿದ್ದಿದ್ದರೆ, ಲೋಕದ ಬ್ಯಾಂಕುಗಳಲ್ಲಿ ಮಲಗಿರುವ ಅಷ್ಟೂ ಹಳೆಯ ಉಪಪ್ರೋಗ್ರಾಂಗಳು ಕರೆದವರ ಅರ್ಧ ರಿಜಿಸ್ಟರನ್ನು ಅಳಿಸಿ ಹಿಂದಿರುಗುತ್ತಿದ್ದವು. ಹಳೆಯದನ್ನು ಮುಟ್ಟದೆ ಹೊಸದನ್ನು ಪಕ್ಕದಲ್ಲಿ ಸೇರಿಸಿದ್ದು ಸರಿಯಾದ ನಿರ್ಣಯವೆಂದೇ ನಾನು ತಿಳಿಯುತ್ತೇನೆ. ಅದರ ಬೆಲೆಯನ್ನು ಹೊಸದಾಗಿ ಬರೆಯುವವರು ತೆರಬೇಕು, ಅಷ್ಟೆ.

ಆ ಬೆಲೆಯನ್ನು ನಾನು ಹೇಗೆ ತೆತ್ತೆ ಎಂಬುದನ್ನು ಹೇಳುತ್ತೇನೆ. ಬೆಂಗಳೂರಿನ ಒಂದು ಕಚೇರಿಯಲ್ಲಿ ಕುಳಿತು ಹೊರದೇಶದ ಒಂದು ಬ್ಯಾಂಕಿನ ಯಂತ್ರವನ್ನು ನೋಡಿಕೊಳ್ಳುತ್ತಿದ್ದ ದಿನಗಳು ಅವು. ಕಡತವೊಂದರ ದಾಖಲೆಗಳ ಉದ್ದವನ್ನು ಕೂಡಿಸಿ ಒಟ್ಟು ಬೈಟ್‌ಗಳನ್ನು ವರದಿ ಮಾಡುವ ಹಳೆಯ ಉಪಪ್ರೋಗ್ರಾಂ ಇತ್ತು. ಕಡತ ಬೆಳೆದು 2 ಗಿಗಾಬೈಟ್ ದಾಟಿದ ದಿನ ಒಟ್ಟು ಮೊತ್ತ ಋಣಸಂಖ್ಯೆಯಾಗಿ ಅಚ್ಚಾಯಿತು. ದುರಸ್ತಿ ನನ್ನ ಪಾಲಿಗೆ ಬಂತು. ಐದನೆಯ ರಿಜಿಸ್ಟರಿನಲ್ಲಿ ಕೂಡಿಸುತ್ತಿದ್ದ ‘ಎ’ಯನ್ನು ‘ಎಜಿಎಫ್’ಗೆ ಬದಲಾಯಿಸಿದೆ, ನಾಲ್ಕು ಬೈಟ್‌ನ ಮೌಲ್ಯವನ್ನು ಚಿಹ್ನೆ ಹಿಗ್ಗಿಸಿ 64 ಬಿಟ್ ಮೊತ್ತಕ್ಕೆ ಸೇರಿಸಲು ಅದೇ ತಕ್ಕ ಸೂಚನೆ. ಆರಂಭದಲ್ಲಿ ರಿಜಿಸ್ಟರನ್ನು ಸೊನ್ನೆ ಮಾಡುತ್ತಿದ್ದ ‘ಎಸ್‌ಆರ್’ ಅನ್ನು ‘ಎಸ್‌ಜಿಆರ್’ ಮಾಡಿದೆ. ವಿಳಾಸದ ಸ್ಥಿತಿ 31 ಬಿಟ್ ಆಗಿಯೇ ಇತ್ತು; ಅದರಿಂದ ಅಡ್ಡಿಯಿಲ್ಲ, ಏಕೆಂದರೆ 64 ಬಿಟ್ ಅಂಕಗಣಿತ ಯಾವ ವಿಳಾಸ ಸ್ಥಿತಿಯಲ್ಲಿಯೂ ನಡೆಯುತ್ತದೆ. ಪರೀಕ್ಷೆ ಮಾಡಿದೆ, ಮೊತ್ತ ಸರಿಯಾಗಿ ಬಂತು, ಕೆಲಸ ಮುಗಿಯಿತೆಂದುಕೊಂಡೆ.

ಬಾಗಿಲಲ್ಲಿದ್ದ ‘ಎಸ್‌ಟಿಎಂ’ ಅನ್ನು ನಾನು ಮುಟ್ಟಿರಲಿಲ್ಲ. ಪರೀಕ್ಷೆಯಲ್ಲಿ ಇದನ್ನು ಕರೆದವು ಹಳೆಯ 31 ಬಿಟ್ ಪ್ರೋಗ್ರಾಂಗಳು. ತಮ್ಮ ರಿಜಿಸ್ಟರಿಗೆ ಎಡ ಅರ್ಧವೊಂದಿದೆ ಎಂಬುದೇ ಅವುಗಳಿಗೆ ಗೊತ್ತಿಲ್ಲ. ತಿಂಗಳುಗಳ ನಂತರ ಇನ್ನೊಂದು ತಂಡ ಬರೆದ ಹೊಸ ಪ್ರೋಗ್ರಾಂ ಇದನ್ನು ಕರೆಯಿತು. ಅದು ತನ್ನ ಐದನೆಯ ರಿಜಿಸ್ಟರಿನಲ್ಲಿ ಬಾರ್‌ನ ಆಚೆಗಿನ 64 ಬಿಟ್ ವಿಳಾಸವೊಂದನ್ನು ಇಟ್ಟುಕೊಂಡಿತ್ತು. ನನ್ನ ಉಪಪ್ರೋಗ್ರಾಂ ಆ ರಿಜಿಸ್ಟರಿನ ಬಲ ಅರ್ಧವನ್ನು ಉಳಿಸಿ, 64 ಬಿಟ್‌ಗಳನ್ನೂ ಬಳಸಿ, ಬಲ ಅರ್ಧವನ್ನು ಮಾತ್ರ ಹಿಂದಿರುಗಿಸಿತು. ಎಡ ಅರ್ಧದಲ್ಲಿ ನನ್ನ ಮೊತ್ತದ ಎಡ ತುಣುಕು ಉಳಿಯಿತು. ಕೇಳಿದ ಮೊತ್ತ ಸರಿಯಾಗಿಯೇ ಸಿಕ್ಕಿತು. ಅದಾದ ಬಳಿಕ ಎಲ್ಲೋ ಮುಂದೆ, ನನ್ನ ಹೆಸರಿಲ್ಲದ ಸಾಲಿನಲ್ಲಿ, ಆ ಪ್ರೋಗ್ರಾಂ 0ಸಿ4 ಎಂದು, ಅಂದರೆ ಮುಟ್ಟಬಾರದ ವಿಳಾಸವನ್ನು ಮುಟ್ಟಿತೆಂದು, ಕುಸಿಯಿತು. ಆ ತಂಡದವರು ತಮ್ಮ ಸಾಲುಗಳನ್ನು ಎರಡು ರಾತ್ರಿ ಓದಿದರು. ತಪ್ಪು ಅಲ್ಲಿ ಇರಲೇ ಇಲ್ಲ. ಕೊನೆಗೆ, ಕುಸಿದ ಗಳಿಗೆಯ ಮೆಮೊರಿ ಮತ್ತು ರಿಜಿಸ್ಟರುಗಳ ನಕಲಾದ ಡಂಪ್‌ನಲ್ಲಿ ಐದನೆಯ ರಿಜಿಸ್ಟರಿನ 64 ಬಿಟ್‌ಗಳನ್ನೂ ಒಟ್ಟಿಗೆ ನೋಡಿದಾಗ, ಬಲ ಅರ್ಧ ಅವರದು, ಎಡ ಅರ್ಧ ನನ್ನದು ಎಂಬುದು ಹೊರಬಿತ್ತು. ಪೂರ್ತಿ ರಿಜಿಸ್ಟರುಗಳನ್ನು ಉಳಿಸುವ ‘ಎಸ್‌ಟಿಎಂಜಿ’ಯನ್ನೂ ಅದಕ್ಕೆ ಬೇಕಾದ 144 ಬೈಟ್‌ಗಳ ಉಳಿಕೆ ಜಾಗವನ್ನೂ ಹಾಕಿ ಸರಿಪಡಿಸಿದೆ. ಅಂದಿನಿಂದ ಯಾವ ಪ್ರೋಗ್ರಾಂನಲ್ಲಿ ‘ಜಿ’ ಅಕ್ಷರದ ಒಂದು ಸೂಚನೆ ಕಂಡರೂ ನನ್ನ ಕಣ್ಣು ಮೊದಲು ಬಾಗಿಲಿಗೆ ಹೋಗುತ್ತದೆ.

2010ರ ಜೆಡ್196 ಯಂತ್ರದಿಂದೀಚೆಗೆ ಎಡ ಅರ್ಧವನ್ನೇ ಸ್ವತಂತ್ರವಾದ 32 ಬಿಟ್ ರಿಜಿಸ್ಟರಿನಂತೆ ಬಳಸುವ ಸೂಚನೆಗಳೂ ಬಂದಿವೆ. ‘ಎಲ್‌ಎಫ್‌ಎಚ್’ ಮೆಮೊರಿಯಿಂದ ನಾಲ್ಕು ಬೈಟ್‌ಗಳನ್ನು ಎಡಕ್ಕೇ ತರುತ್ತದೆ, ‘ಎಐಎಚ್’ ಎಡಕ್ಕೇ ಕೂಡಿಸುತ್ತದೆ. ಹೀಗಾಗಿ ಎಡ ಅರ್ಧದಲ್ಲಿ ಏನೋ ಕಸ ಇದ್ದೀತು ಎಂದು ಅದನ್ನು ಕಡೆಗಣಿಸುವಂತಿಲ್ಲ. ಅಲ್ಲಿ ಇನ್ನೊಬ್ಬರ ಜೀವಂತ ಲೆಕ್ಕ ನಡೆಯುತ್ತಿರಬಹುದು.

ಗುಣಾಕಾರ ಭಾಗಾಕಾರಗಳ ವಿಷಯದಲ್ಲಿ ತಮ್ಮ ಲೇಖನ ಒಂದೇ ಸಾಲು ಬರೆದು ಮುಂದೆ ಹೋಗಿದೆ. ಸ್ಥಳದ ಅಭಾವವಿದ್ದಿರಬಹುದು. ಆದರೂ ಹೊಸ ಸೂಚನೆಗಳು ಕೆಲಸವನ್ನು ಹಗುರ ಮಾಡಿದ್ದು ಇಲ್ಲಿಯೇ ಆದ್ದರಿಂದ ಎರಡು ಮಾತು ಸೇರಿಸುತ್ತೇನೆ. ಹಳೆಯ ‘ಡಿ’ ಸೂಚನೆಗೆ ಭಾಜ್ಯವನ್ನು ಸರಿ-ಬೆಸ ರಿಜಿಸ್ಟರುಗಳ ಜೋಡಿಯಲ್ಲಿ, ಎರಡರ ಬಲ ಅರ್ಧಗಳಲ್ಲೂ ಹರಡಿ ಇಡಬೇಕು; ಭಾಗಿಸುವ ಮೊದಲು ‘ಎಸ್‌ಆರ್‌ಡಿಎ’ಯಿಂದ 32 ಸ್ಥಾನ ಸರಿಸಿ ಚಿಹ್ನೆಯನ್ನು ಸರಿ ಸಂಖ್ಯೆಯ ರಿಜಿಸ್ಟರಿಗೆ ಹರಡಬೇಕು; ಅದನ್ನು ಮರೆತವರು ಎಷ್ಟೋ ಮಂದಿ. ಹೊಸ ‘ಡಿಎಸ್‌ಜಿ’ಗೆ ಭಾಜ್ಯ ಬೆಸ ರಿಜಿಸ್ಟರು ಒಂದರಲ್ಲೇ ಇದ್ದರೆ ಸಾಕು. ಉತ್ತರ ಬರುವಾಗ ಶೇಷ ಸರಿ ರಿಜಿಸ್ಟರಿಗೆ, ಭಾಗಲಬ್ಧ ಬೆಸ ರಿಜಿಸ್ಟರಿಗೆ ಬರುತ್ತವೆ. ಚಿಹ್ನೆಯಿಲ್ಲದ ‘ಡಿಎಲ್‌ಜಿ’ ಮಾತ್ರ 128 ಬಿಟ್‌ಗಳ ಭಾಜ್ಯವನ್ನು ಜೋಡಿಯಲ್ಲಿಯೇ ಬಯಸುತ್ತದೆ. ನಮ್ಮ ಸಂಖ್ಯೆ ಅಷ್ಟು ದೊಡ್ಡದಲ್ಲವಾದರೆ ಸರಿ ರಿಜಿಸ್ಟರನ್ನು, ಪೂರ್ತಿಯಾಗಿ, ಸೊನ್ನೆ ಮಾಡಿಟ್ಟಿರಬೇಕು. ಗುಣಿಸುವ ‘ಎಂಎಸ್‌ಜಿ’ 64 ಬಿಟ್‌ಗಳ ಗುಣಲಬ್ಧವನ್ನು ಒಂದೇ ರಿಜಿಸ್ಟರಿನಲ್ಲಿ ಕೊಡುತ್ತದೆ, ಆದರೆ ಗುಣಲಬ್ಧ ಅದಕ್ಕಿಂತ ದೊಡ್ಡದಾದರೆ ಎಡಕ್ಕೆ ಉಕ್ಕಿದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಕಂಡಿಷನ್ ಕೋಡ್ ಬದಲಾಗುವುದೂ ಇಲ್ಲ. ಎಚ್ಚರಿಸುವ ‘ಎಂಎಸ್‌ಜಿಸಿ’ ಬಂದದ್ದು 2017ರ ಜೆಡ್14ರಲ್ಲಿ.

64 ಬಿಟ್‌ಗಳೂ ಸಾಲದಾದಾಗ ಮಾಡುವ ಸಂಕಲನ ನನಗೆ ಬಹಳ ಪ್ರಿಯವಾದದ್ದು. ಬಲಗಡೆಯ 64 ಬಿಟ್‌ಗಳನ್ನು ‘ಎಎಲ್‌ಜಿ’ಯಿಂದ ಕೂಡಬೇಕು, ಅಲ್ಲಿ ಹುಟ್ಟಿದ ದಶಕವನ್ನು ಕಂಡಿಷನ್ ಕೋಡ್ ನೆನಪಿಟ್ಟುಕೊಂಡಿರುತ್ತದೆ, ಆಮೇಲೆ ಎಡಗಡೆಯ 64 ಬಿಟ್‌ಗಳನ್ನು ‘ಎಎಲ್‌ಸಿಜಿ’ಯಿಂದ ಕೂಡಿದರೆ ಅದು ಆ ದಶಕವನ್ನೂ ಸೇರಿಸಿಕೊಳ್ಳುತ್ತದೆ. ಮೂರನೆಯ ತರಗತಿಯ ದಶಕಸಹಿತ ಸಂಕಲನವೇ ಇದು. ಒಂದೊಂದು ಸ್ಥಾನವೂ 64 ಬಿಟ್ ಅಗಲ ಎಂಬುದಷ್ಟೇ ವ್ಯತ್ಯಾಸ. ಎರಡು ಸೂಚನೆಗಳ ನಡುವೆ ‘ಎಲ್‌ಜಿ’ ಬರಬಹುದು, ‘ಎಲ್‌ಎ’ ಬರಬಹುದು, ಏಕೆಂದರೆ ಅವು ಕಂಡಿಷನ್ ಕೋಡ್ ಅನ್ನು ಮುಟ್ಟುವುದಿಲ್ಲ. ತುಂಬುತ್ತಲೇ ಸಂಖ್ಯೆಯ ಚಿಹ್ನೆಯನ್ನು ಪರೀಕ್ಷಿಸುವ ‘ಎಲ್‌ಟಿಜಿಆರ್’ ಬಂದರೆ ದಶಕ ಅಳಿಸಿಹೋಗುತ್ತದೆ. ಲೋಡ್‌ಗಳೆಲ್ಲ ಒಂದೇ ಅಲ್ಲ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ.

ಚಿಹ್ನೆಯ ಪ್ರಶ್ನೆ ಪುಸ್ತಕದ ಪ್ರಶ್ನೆಯಲ್ಲ ಎಂಬುದಕ್ಕೆ ಈ ಯಂತ್ರಗಳ ಗಡಿಯಾರವನ್ನೇ ನೋಡಬಹುದು. 1900ರ ಜನವರಿ 1ರಿಂದ ಎಣಿಸುವ 64 ಬಿಟ್‌ಗಳ ಈ ಗಡಿಯಾರದಲ್ಲಿ 51ನೆಯ ಬಿಟ್ ಒಂದು ಮೈಕ್ರೋಸೆಕೆಂಡಿಗೊಮ್ಮೆ ಏರುತ್ತದೆ. 1971ರ ಮೇ 11ರಂದು ಅದರ 0ನೆಯ ಬಿಟ್ 1 ಆಯಿತು. ಅಂದಿನಿಂದ, ಚಿಹ್ನೆಸಹಿತ ಸಂಖ್ಯೆಯೆಂದು ಓದಿದರೆ, ಇಂದಿನ ಹೊತ್ತೂ ಋಣಸಂಖ್ಯೆಯೇ. ಅದನ್ನು ‘ಎಲ್‌ಜಿ’ಯಿಂದ ತಂದು, ಮೈಕ್ರೋಸೆಕೆಂಡಿನ ಕೆಳಗಿನ 12 ಬಿಟ್‌ಗಳನ್ನು ಕಳೆಯಲು ಬಲಕ್ಕೆ ಸರಿಸುವಾಗ ‘ಎಸ್‌ಆರ್‌ಎಜಿ’ ಬಳಸಿದರೆ ಎಡದಿಂದ 1ರ ಬಿಟ್‌ಗಳು ತುಂಬಿಕೊಂಡು ಋಣ ಕಾಲ ಉಳಿಯುತ್ತದೆ. ‘ಎಸ್‌ಆರ್‌ಎಲ್‌ಜಿ’ ಬಳಸಿದರೆ ಸೊನ್ನೆಗಳು ತುಂಬಿಕೊಂಡು ಸರಿಯಾದ ಎಣಿಕೆ ಸಿಗುತ್ತದೆ. ಹಾಗೆಯೇ 1970ರ ಒಂದು ಗಳಿಗೆಯನ್ನು ಇಂದಿನ ಗಳಿಗೆಯೊಡನೆ ‘ಸಿಜಿಆರ್’ನಿಂದ ಹೋಲಿಸಿದರೆ 1970 ನಂತರದ್ದೆಂಬ ಉತ್ತರ ಬರುತ್ತದೆ, ‘ಸಿಎಲ್‌ಜಿಆರ್’ ಬಳಸಿದರೆ ಮಾತ್ರ ಕಾಲಕ್ರಮ ಸರಿಯಾಗುತ್ತದೆ. ಆ ಗಡಿಯಾರದ 64 ಬಿಟ್‌ಗಳು 2042ರ ಸೆಪ್ಟೆಂಬರ್ 17ರಂದು ತುಂಬಿ ಮತ್ತೆ ಸೊನ್ನೆಗೆ ಬರುತ್ತವೆ. ಇಂದು ಕಾಲೇಜಿನಲ್ಲಿರುವ ಮಕ್ಕಳು ಆಗ ಈ ಕೆಲಸದ ಹಿರಿಯರಾಗಿರುತ್ತಾರೆ.

ಅವರ ಸಲುವಾಗಿಯೇ ನನ್ನ ಕೋರಿಕೆ. ಬೆಂಗಳೂರಿನಲ್ಲಿ ಹೊರದೇಶಗಳ ಮೇನ್‌ಫ್ರೇಮ್‌ಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಪ್ರತಿವರ್ಷವೂ ನಮ್ಮ ಊರುಗಳ ಹುಡುಗ ಹುಡುಗಿಯರು ಸೇರುತ್ತಿದ್ದಾರೆ. ಅವರಲ್ಲಿ ಕನ್ನಡ ಮಾಧ್ಯಮದಿಂದ ಬಂದವರಿದ್ದಾರೆ, ಪುರವಣಿಯ ಇಂಥ ಲೇಖನಗಳನ್ನು ಕತ್ತರಿಸಿ ಇಟ್ಟುಕೊಳ್ಳುವವರಿದ್ದಾರೆ. ಲೇಖನದ ಆ ಒಂದು ವಾಕ್ಯಕ್ಕೆ ತಿದ್ದುಪಡಿಯನ್ನು ಅದೇ ಪುರವಣಿಯಲ್ಲಿ, ಕಾಣುವ ಜಾಗದಲ್ಲಿ ಪ್ರಕಟಿಸಬೇಕು. ಮುಂದಿನ ಕಂತುಗಳಲ್ಲಿ ಸೂಚನೆಗಳ ಪಟ್ಟಿ ಕೊಡುವುದಿದ್ದರೆ ಪ್ರತಿ ಲೋಡ್‌ನ ಎದುರು ಎಡ ಅರ್ಧಕ್ಕೆ ಏನಾಗುತ್ತದೆ ಎಂಬ ಅಂಕಣವೊಂದನ್ನು ಸೇರಿಸಬೇಕು. ಐಬಿಎಂನ ‘ಪ್ರಿನ್ಸಿಪಲ್ಸ್ ಆಫ್ ಆಪರೇಷನ್’ ಕೈಪಿಡಿಯಲ್ಲಿ ಒಂದೊಂದು ಸೂಚನೆಗೂ ಈ ವಿವರವಿದೆ. ಅದು ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ.

ನನ್ನ ಮಾತನ್ನು ಯಾರೂ ನಂಬಿಕೆಯ ಮೇಲೆ ಒಪ್ಪಬೇಕಾಗಿಯೂ ಇಲ್ಲ. ಹರ್ಕ್ಯುಲಿಸ್ ಎಂಬ ಉಚಿತ ತಂತ್ರಾಂಶ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿಯೇ ಜೆಡ್ ಆರ್ಕಿಟೆಕ್ಚರ್ ಅನ್ನು ಅನುಕರಿಸುತ್ತದೆ. ಅದರಲ್ಲಿ ಮೂರು ಸಾಲು ಬರೆದರೆ ಸಾಕು. ಮೊದಲು ‘ಎಲ್‌ಜಿಎಚ್‌ಐ’ಯಿಂದ ಐದನೆಯ ರಿಜಿಸ್ಟರಿಗೆ ಋಣ 1 ಅನ್ನು ತುಂಬಿ, 64 ಬಿಟ್‌ಗಳೂ 1 ಆಗುತ್ತವೆ. ನಂತರ, ಹಳೆಯ ತಲೆಮಾರು ರಿಜಿಸ್ಟರನ್ನು ಸೊನ್ನೆ ಮಾಡಲು ಬಳಸುತ್ತಿದ್ದ ಕ್ರಮದಲ್ಲಿ, ‘ಎಸ್‌ಆರ್’ನಿಂದ ಐದರಿಂದ ಐದನ್ನೇ ಕಳೆಯಿರಿ, ಕಂಡಿಷನ್ ಕೋಡ್ 0 ಆಗಿ, ಉತ್ತರ ಸೊನ್ನೆ ಎಂದು ಯಂತ್ರ ಹೇಳುತ್ತದೆ. ಮೂರನೆಯ ಸಾಲಿನಲ್ಲಿ ‘ಎಲ್‌ಟಿಜಿಆರ್’ನಿಂದ ಐದನ್ನು ಐದಕ್ಕೇ ತುಂಬಿ ಪರೀಕ್ಷಿಸಿ. ಈಗ ಕಂಡಿಷನ್ ಕೋಡ್ 1, ಅಂದರೆ ಋಣಸಂಖ್ಯೆ. ರಿಜಿಸ್ಟರನ್ನು ತೆರೆದು ನೋಡಿದರೆ ಬಲ ಅರ್ಧ ಪೂರ್ತಿ ಸೊನ್ನೆ, ಎಡ ಅರ್ಧ ಪೂರ್ತಿ 1, ಒಟ್ಟು ಬೆಲೆ ಋಣ 4,29,49,67,296.

ವಂದನೆಗಳೊಂದಿಗೆ,

ನಿವೃತ್ತ ಸಿಸ್ಟಮ್ಸ್ ಪ್ರೋಗ್ರಾಮರ್
ಮೈಸೂರು